ರಟ್ಟಿನ ಆಚೆಕಡೆ

ಮೂರನೇ ಸಲ ಅವನು ಅವಳನ್ನು ಬಾವಿಗೆ ಬೀಳಿಸಿದಾಗ, ಇದು ಬೇಕೆಂದೇ ಮಾಡುತ್ತಿರುವ ಕಿತಾಪತಿ ಎಂದು ಅವಳಿಗೆ ಖಾತ್ರಿಯಾಯಿತು.

"ದಾರಿ ಖಾಲಿ ಇದೆ ಅಂದ್ರಲ್ಲ ನೀವು!"

"ಖಾಲಿನೇ ಇತ್ತಪ್ಪ," ರಟ್ಟಿನ ಆಚೆಯಿಂದ ಅವನ ದನಿ ಬಂತು. "ಬಾವಿ ಒಳಗೆ ಇನ್ನೇನು ಸೋಫಾ ಇರತ್ತಾ?"

"ಲೋ ಎಡವಟ್ಟು, ನನ್ನ ತಂಗೀನ ಇವತ್ತು ಎಷ್ಟು ಸಲ ಸಾಯಿಸ್ತೀಯೋ?" ಹಿಂದೆ ದಿಂಬಿಗೊರಗಿ ಕೂತಿದ್ದ ಅಣ್ಣ ಕೇಳಿದ.

"ಸತ್ತಿಲ್ಲ ಕಣೋ, ಬಿದ್ದಿದ್ದಾಳೆ ಅಷ್ಟೆ. ತಾಳು, ಹೋಗಿ ಎತ್ಕೊಂಡು ಬರ್ತೀನಿ."

"ಎತ್ಕೊಳ್ಳೋ ಆಸೆಗೇ ಬೀಳಿಸೋದು," ಎಂದಳು ಅತ್ತಿಗೆ, ಬಿಸ್ಕತ್ತಿನ ಡಬ್ಬ ತೆಗೆಯುತ್ತ. "ಇಷ್ಟೂ ಗೊತ್ತಾಗಲ್ವಾ ನಿಮ್ಮಣ್ಣಂಗೆ?"

ರಟ್ಟು ಅಡ್ಡ ಇದ್ದದ್ದು ಒಳ್ಳೆಯದೇ ಆಯಿತು. ಅವಳ ಕಿವಿ ಕೆಂಪಾದದ್ದು ಆಚೆಗೆ ಕಾಣಲಿಲ್ಲ.

ಅಣ್ಣ ಎಂದರೆ ಅವಳ ದೊಡ್ಡಮ್ಮನ ಮಗ. ಫ್ಯಾನು, ಮಿಕ್ಸಿ, ಟೀವಿ ರಿಪೇರಿಯ ಅಂಗಡಿ ಅವನದು. ಯಾರೂ ಬೇಡವೆಂದು ಬಿಟ್ಟುಹೋದದ್ದನ್ನೆಲ್ಲ ಮನೆಗೆ ಹೊತ್ತು ತರುವುದು ಅವನ ಚಾಳಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅತ್ತಿಗೆ, ತನ್ನನ್ನೂ ಹಾಗೇ ಎತ್ತಿಕೊಂಡು ಬಂದದ್ದು ಎಂದು ಹೇಳಿ ನಗುತ್ತಿದ್ದಳು. ಈ ಸಲ ಅವನು ತಂದದ್ದು ಮೂವತ್ತು ವರ್ಷ ಹಳೆಯ ಗೇಮ್ ಕನ್ಸೋಲ್. ಅದರ ಹೊಟ್ಟೆಯಲ್ಲಿ ಒಂದೇ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಮೇಲಿನ ಚೀಟಿ ಹರಿದುಹೋಗಿದ್ದರಿಂದ ಆಟದ ಹೆಸರು ತಿಳಿಯಲಿಲ್ಲ. ಇವರು ಅದನ್ನು 'ಸುರಂಗ' ಎಂದು ಕರೆದರು.

ಮೊದಲ ಭಾನುವಾರ ಆಡಿ ನಾಲ್ವರೂ ಮೂಗು ಮುರಿದಿದ್ದರು. ಗಣಿಯೊಳಗೆ ಸಿಕ್ಕಿಬಿದ್ದ ಇಬ್ಬರು. ಒಬ್ಬರಿಗೆ ಹಳದಿ ಟೋಪಿ, ಇನ್ನೊಬ್ಬರಿಗೆ ಕೆಂಪು. ಪರದೆ ನಡುವೆ ಸೀಳಿ ಎರಡು ಭಾಗ. ಒಂದೇ ವಿಚಿತ್ರವೆಂದರೆ, ನೀನು ನಡೆಸುವ ಗೊಂಬೆ ನಿನ್ನ ಭಾಗದಲ್ಲಿರುವುದಿಲ್ಲ, ಪಕ್ಕದವರ ಭಾಗದಲ್ಲಿರುತ್ತದೆ. ಅದಕ್ಕೇನಂತೆ? ಕತ್ತು ಇಷ್ಟು ಹೊರಳಿಸಿದರೆ ಕಾಣುತ್ತದೆ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಸುರಂಗ ದಾಟಿ, ಆಕಳಿಸಿ, ಎದ್ದಿದ್ದರು.

ಆಮೇಲೆ, ಹಳೆಯ ಆಟಗಳ ಹುಚ್ಚರು ಸೇರುವ ಒಂದು ವೆಬ್‌ಸೈಟಿನಲ್ಲಿ ಅಣ್ಣನಿಗೆ ಗುಟ್ಟು ಸಿಕ್ಕಿತು. ಪೆಟ್ಟಿಗೆಯೊಳಗೆ ಮಡಚಿದ ರಟ್ಟೊಂದು ಬರುತ್ತಿತ್ತಂತೆ. ಟೀವಿಯ ನಟ್ಟನಡುವೆ ಅಂಟಿಸಿ, ಆಡುವ ಇಬ್ಬರ ಮುಖದ ಮಧ್ಯೆ ಗೋಡೆಯಂತೆ ನಿಲ್ಲಿಸುವುದಕ್ಕೆ. ಅಂಗಡಿಯವರು ಅದನ್ನು ಪ್ಯಾಕಿಂಗ್ ರಟ್ಟು ಎಂದುಕೊಂಡು ಕಿತ್ತೆಸೆದು ಆಟ ಮಾರಿದ್ದರು. ಕೊಂಡವರು ಇದೇನು ದರಿದ್ರ ಆಟ ಎಂದು ಬೈದು ಮೂಲೆಗೆ ಹಾಕಿದ್ದರು.

"ಒಂದು ರಟ್ಟಿಗೋಸ್ಕರ ಅನ್ಯಾಯವಾಗಿ ಹೋಯ್ತಲ್ಲೋ!" ಎಂದು ಅಣ್ಣ ಹಲುಬುತ್ತ ಫ್ಯಾನಿನ ಪೆಟ್ಟಿಗೆ ಕತ್ತರಿಸಿದ.

ರಟ್ಟು ನಿಂತ ಮೇಲೆ ಅದು ಬೇರೆಯೇ ಆಟವಾಯಿತು. ನಿನ್ನ ಗೊಂಬೆ ನಿನಗೆ ಕಾಣುವುದಿಲ್ಲ. ಎಲ್ಲಿ ಬಾವಿ, ಎಲ್ಲಿ ತೊಲೆ, ಎಲ್ಲಿ ಮಣ್ಣು ಕುಸಿಯುತ್ತಿದೆ ಎಂದು ಪಕ್ಕದವರು ಹೇಳಬೇಕು. ನಂಬಿ ಹೆಜ್ಜೆ ಇಡಬೇಕು. ಅಣ್ಣ, ಅತ್ತಿಗೆ ಆಡಲು ಕೂತರಂತೂ ಅದೊಂದು ನಾಟಕವೇ.

"ಬಲಕ್ಕೆ ಅಂದೆ ನಾನು!"

"ಯಾರ ಬಲಕ್ಕೆ?"

"ಹನ್ನೊಂದು ವರ್ಷ ಆಯ್ತು ಮದುವೆಯಾಗಿ, ಇನ್ನೂ ಯಾರ ಬಲ ಅಂತ ಕೇಳ್ತಾನೆ ಈ ಮನುಷ್ಯ!"

ಅವರಿಬ್ಬರೂ ನಾಲ್ಕನೇ ಸುರಂಗದಲ್ಲೇ ಕೈಚೆಲ್ಲಿದರು. ಮುಂದೆ ಹೋದದ್ದು ಅವಳು ಮತ್ತು ಎಡವಟ್ಟು.

ಅವನು ಬಸ್ ಡ್ರೈವರ್. ಅಣ್ಣನ ಜೊತೆ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವನು. ಲೋಟ ಕೆಡವುವುದು, ಹೊಸ್ತಿಲು ಎಡವುವುದು, ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುವುದು ಅವನ ನಿತ್ಯದ ಕಸುಬು. ಎಡವಟ್ಟು ಎಂಬ ಹೆಸರು ಅಂಟಿ ಒಂದೆರಡು ವರ್ಷವಾಗಿತ್ತು. ಇಷ್ಟು ಎಡವುವವನು ಬಸ್ಸು ಹೇಗೆ ಓಡಿಸುತ್ತಾನೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ.

ಅವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮೇಣದಲ್ಲಿ ವಸಡು ತಿದ್ದುವುದು, ಬಿದ್ದ ಹಲ್ಲಿನ ಪಕ್ಕದ ಹಲ್ಲಿಗೆ ಸರಿಹೊಂದುವ ಬಣ್ಣ ಹುಡುಕುವುದು. ಬಿಳಿಗೂ ಬಿಳಿಗೂ ನಡುವೆ ಹದಿನಾರು ಬಣ್ಣಗಳಿವೆ ಎಂದು ಅವಳು ಹೇಳಿದ ದಿನ, ಅವನು ಅವಳಿಗೆ 'ಹಲ್ಪುಡಿ' ಎಂದು ಹೆಸರಿಟ್ಟ.

"ಹಲ್ಪುಡಿ, ನನ್ನ ಹಲ್ಲು ಎಷ್ಟನೇ ಬಣ್ಣ?"

"ನಿಮ್ಮದು ನಮ್ಮ ಪಟ್ಟಿಲಿ ಇಲ್ಲ. ಟೀ ಪುಡಿ ಅಂಗಡೀಲಿ ಕೇಳಿ."

ಅವನು ಪೂರ್ತಿ ಮುಖವನ್ನೇ ಅವಳ ಕಡೆ ತಿರುಗಿಸಿ ನಕ್ಕಿದ್ದ. ಅದೇ ಅವಳನ್ನು ಕೆಡಿಸಿದ್ದು. ಎಲ್ಲರೂ ಓರೆಗಣ್ಣಿನಲ್ಲಿ ನೋಡುತ್ತಾರೆ, ಮೊಬೈಲಿನ ಮೇಲಿಂದ ನೋಡುತ್ತಾರೆ. ಇವನು ಮಾತಾಡುವವರ ಕಡೆ ಕತ್ತು ಹೊರಳಿಸಿ, ನೇರ ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ನೋಡಿರಲಿಲ್ಲ. ನೋಡಲು ಬಂದಿದ್ದ ಗಂಡುಗಳು ಕೂಡ.

ಇನ್ನು ಆ ನಾಲ್ಕು ಸೆಕೆಂಡು. ಬಾವಿಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಅಲ್ಲಿಗೇ ಬರಬೇಕಿತ್ತು. ಅವನ ಕೆಂಪು ಟೋಪಿಯನ್ನು ಅವಳೇ ದಾರಿ ಹೇಳಿ ಕರೆದುಕೊಂಡು ಬರಬೇಕು. ಬಂದು ಕೈ ಚಾಚಿದ ಕೂಡಲೇ ಪರದೆಯ ನಡುವಿನ ಗೆರೆ ಮಾಯವಾಗಿ ಎರಡು ಭಾಗ ಒಂದಾಗುತ್ತಿತ್ತು. ಹಳದಿ ಟೋಪಿ ಮೇಲೆ ಬರುತ್ತಿತ್ತು. ಇಬ್ಬರೂ ಕೈ ಹಿಡಿದು ನಿಲ್ಲುತ್ತಿದ್ದರು. ಮೂರು ಸ್ವರದ ಚಿಕ್ಕ ರಾಗ, ನಾಲ್ಕು ಸೆಕೆಂಡು ಅಷ್ಟೆ. ಮತ್ತೆ ಗೆರೆ, ಮತ್ತೆ ಕತ್ತಲೆ.

ಆ ಆಟ ಮಾಡಿದವರು ಯಾರೋ ಏನೋ, ಒಂಟಿತನ ಗೊತ್ತಿದ್ದವರು ಎಂದು ಅವಳಿಗೆ ಅನ್ನಿಸುತ್ತಿತ್ತು.

ಎಂಟು ಭಾನುವಾರ ಹೀಗೇ ಹೋಯಿತು. ಮಧ್ಯಾಹ್ನದ ಊಟ ಮುಗಿಸಿ, ಕಿಟಕಿಗೆ ಪರದೆ ಎಳೆದು, ನಾಲ್ವರೂ ಟೀವಿಯ ಮುಂದೆ. ಅವನು ವಾರಕ್ಕೆ ನಾಲ್ಕೈದು ಸಲ ಬೀಳಿಸುತ್ತಿದ್ದ. ಅವಳು ಸುಮ್ಮನೆ ಬೈಯುತ್ತಿದ್ದಳು. ರಟ್ಟಿನ ಆಚೆ ಅವನ ತುಟಿಯಂಚಿನಲ್ಲಿ ತುಂಟ ನಗೆ ಇದ್ದೇ ಇರುತ್ತದೆ ಎಂದು ಎಣಿಸಿ, ವಾರವಿಡೀ ಪ್ಲಾಸ್ಟರ್ ಅಚ್ಚಿನ ಮುಂದೆ ಕೂತು ಆ ನಗೆಯನ್ನು ತಿದ್ದುತ್ತಿದ್ದಳು. ಕೆಲವು ಸಲ ಬಾವಿ ಎಲ್ಲಿರಬಹುದೆಂದು ಊಹೆ ಇದ್ದರೂ, ಅವನು "ಬಾ" ಎಂದರೆ ಹೋಗಿ ಬೀಳುತ್ತಿದ್ದಳು. ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿ. ಆದರೆ ನಿಜ.

ಒಂಬತ್ತನೇ ಭಾನುವಾರ ರಟ್ಟು ಬಿತ್ತು.

ವಿಶೇಷವೇನೂ ಆಗಲಿಲ್ಲ. ಸೆಖೆಗೆ ಟೇಪು ಬಿಟ್ಟುಕೊಂಡಿತು, ರಟ್ಟು ನಿಧಾನಕ್ಕೆ ಬಾಗಿ ಅವಳ ಕಡೆ ಮಗುಚಿತು. ಅದೇ ಗಳಿಗೆಯಲ್ಲಿ ಅವನು, "ದಾರಿ ಖಾಲಿ ಇದೆ, ಬಾ," ಎನ್ನುತ್ತಿದ್ದ.

ಅವಳು ಅವನ ಭಾಗದ ಪರದೆ ನೋಡಿದಳು. ಕೆಳಗೆ ಮೂಲೆಯಲ್ಲಿ ಬಾವಿ ಇತ್ತು. ಬೂದು ಬಣ್ಣದ ಕಲ್ಲಿನ ಅಂಚು, ಒಳಗೆ ಕಪ್ಪು. ಮಸುಕಾಗಿತ್ತು ನಿಜ, ಆದರೆ ಕಾಣದಿರುವಂಥದ್ದಲ್ಲ.

ಆಮೇಲೆ ಅವಳು ಅವನ ಮುಖ ನೋಡಿದಳು.

ನಗೆ ಇರಲಿಲ್ಲ. ಅವನು ಮುಂದಕ್ಕೆ ಬಗ್ಗಿ, ಸೂಜಿಗೆ ದಾರ ಪೋಣಿಸುವವನಂತೆ ಹುಬ್ಬು ಬಿಗಿದು ಕೂತಿದ್ದ. ತುಟಿ ಒಣಗಿತ್ತು. ಕಣ್ಣು ಪರದೆಯ ಮೇಲೆ ಇಂಚಿಂಚಾಗಿ ತಡಕಾಡುತ್ತಿತ್ತು. ಅದು ಹೆದರಿದವನ ಮುಖ. ರಟ್ಟು ಬಿದ್ದು ಎರಡು ಸೆಕೆಂಡಾಗಿತ್ತು. ಪಕ್ಕದಲ್ಲಿ ಅವಳು ತನ್ನನ್ನೇ ನೋಡುತ್ತಿದ್ದಾಳೆಂದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

"ಬಾ ಅಂದ್ನಲ್ಲ. ಯಾಕೆ ನಿಂತೆ?"

ಅವಳು ಬಟನ್ ಒತ್ತಿದಳು. ಹಳದಿ ಟೋಪಿ ಬಾವಿಗೆ ಬಿತ್ತು.

"ಅಯ್ಯೋ, ಮತ್ತೆ ಬಿದ್ಯಾ?" ಎಂದು ಅವನು ಜೋರಾಗಿ ನಕ್ಕ. ನಗು ಬಾಯಿಂದ ಮಾತ್ರ ಬಂತು. ಇಷ್ಟು ದಿನ ಅವಳು ಕೇಳಿದ್ದ ನಗು ಅದೇ.

ಸಂಜೆ ಅವನು ಹೊರಟಾಗ ಅವಳೂ ಜೊತೆಗೆ ಹೊರಟಳು. ಬಸ್ ಸ್ಟಾಪಿಗೆ ಹತ್ತು ನಿಮಿಷದ ದಾರಿ. ಮೋಡ ಕವಿದು ಬೀದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅವನು ಕಾಂಪೌಂಡ್ ಗೋಡೆಗೆ ಹತ್ತಿರವಾಗಿ, ಬೆರಳನ್ನು ಆಗಾಗ ಗೋಡೆಗೆ ತಾಗಿಸುತ್ತ ನಡೆಯುತ್ತಿದ್ದ. ಎಷ್ಟೋ ಸಲ ಹೀಗೆ ನಡೆದದ್ದನ್ನು ನೋಡಿದ್ದಳು. ಅದನ್ನೂ ಏನೋ ಒಂದು ಶೋಕಿ ಎಂದುಕೊಂಡಿದ್ದಳು.

ಅವಳು ಕೈಯನ್ನು ಅವನ ಕಿವಿಯ ಪಕ್ಕಕ್ಕೆ ಎತ್ತಿ, ಬೆರಳು ಆಡಿಸಿದಳು. ಅವನು ಮಾತು ನಿಲ್ಲಿಸಲಿಲ್ಲ. ಕೈಯನ್ನು ಮುಂದೆ ಮುಂದೆ ತಂದಳು. ಕೆನ್ನೆ ದಾಟಿ, ಕಣ್ಣಿನ ಕೊನೆ ದಾಟಿ, ಹೆಚ್ಚುಕಡಿಮೆ ಮೂಗಿನ ಹತ್ತಿರ ಬಂದಾಗ ಬೆಚ್ಚಿಬಿದ್ದ.

"ಏನದು?"

"ಯಾವಾಗಿಂದ?" ಎಂದಳು.

ಅವನು ತಮಾಷೆಗೆ ಬಾಯಿ ತೆರೆದ. ತಮಾಷೆ ಸಿಗಲಿಲ್ಲ. ನಡೆಯುವುದನ್ನು ನಿಲ್ಲಿಸಿ ಗೋಡೆಗೆ ಬೆನ್ನು ಕೊಟ್ಟ.

"ಡಾಕ್ಟರ್ ಹೇಳಿ ಒಂದೂವರೆ ವರ್ಷ. ನಂಗೆ ಗೊತ್ತಾಗಿದ್ದು ಅದಕ್ಕೂ ಮುಂಚೆ. ಕಣ್ಣು ಅಂಚಿಂದ ಸಾಯ್ತಾ ಬರತ್ತಂತೆ. ಪೈಪ್ ಒಳಗಿಂದ ನೋಡಿದ ಹಾಗೆ. ಮಬ್ಬಾದ್ರೆ ಅದೂ ಇಲ್ಲ."

"ಔಷಧಿ?"

"ಇಲ್ಲ."

"ಡಿಪೋದಲ್ಲಿ ಕಣ್ಣು ಪರೀಕ್ಷೆ ಮಾಡಲ್ವಾ?"

"ಗೋಡೆ ಮೇಲಿನ ಅಕ್ಷರ ಓದಿಸ್ತಾರೆ. ಎದುರಿಗೆ ಇರೋದು ಚೆನ್ನಾಗೇ ಕಾಣತ್ತೆ. ಗಡಗಡ ಓದ್ತೀನಿ. ಬೆಳಿಗ್ಗೆ ಶಿಫ್ಟ್ ಮಾತ್ರ ತಗೋತೀನಿ. ನನ್ನ ರಜೆ ಎಲ್ಲಾ ಅವರಿವರಿಗೆ ಕೊಟ್ಟು ಬದಲಾಯಿಸ್ಕೋತೀನಿ. ಕತ್ತು ತಿರುಗಿಸಿ ತಿರುಗಿಸಿ ಓಡಿಸ್ತೀನಿ. ಇದುವರೆಗೂ ಏನೂ ಆಗಿಲ್ಲ."

"ಇದುವರೆಗೂ."

"ಐದು ತಿಂಗಳು ಹಲ್ಪುಡಿ. ಐದೇ ತಿಂಗಳು. ಹತ್ತು ವರ್ಷ ಸರ್ವಿಸ್ ತುಂಬಿದ್ರೆ ಆಫೀಸಲ್ಲಿ ಕೂರಿಸ್ತಾರೆ. ಅದಕ್ಕೆ ಮೊದಲೇ ಕಣ್ಣು ಹೋಯ್ತು ಅಂದ್ರೆ ಮನೆಗೆ. ನಾನು ಮನೇಲಿ ಕೂತು ಏನು ಮಾಡ್ಲಿ? ಗೋಡೆ ಸವರ್ಲಾ?"

ಅವಳಿಗೆ ಅಯ್ಯೋ ಅನ್ನಿಸಿತು. ಅದರ ಹಿಂದೆಯೇ ಇನ್ನೊಂದು ವಿಷಯ ತಲೆಗೆ ಬಂತು. ಬೆಳಿಗ್ಗೆ ಏಳೂವರೆಗೆ ಅವನ ಬಸ್ಸಿನಲ್ಲಿ ಯಾರೆಲ್ಲ ಇರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಬೆನ್ನಿಗೆ ಚೀಲ ಹಾಕಿಕೊಂಡು ಅಡ್ಡಾದಿಡ್ಡಿ ರಸ್ತೆ ದಾಟುವವರು ಯಾರು ಎಂದೂ.

"ಪಕ್ಕದಿಂದ ಯಾರಾದ್ರೂ ಓಡಿ ಬಂದ್ರೆ?"

"ಬಂದಿಲ್ಲ."

"ಬಂದ್ರೆ?"

"ಒಂದನೇ ತಾರೀಕಿಂದ ಹೊಸ ಪಾಳಿ," ಎಂದ, ಅವಳ ಪ್ರಶ್ನೆ ಕೇಳಿಸದವನಂತೆ. "ಅದಲು ಬದಲು ಬಂದ್ ಮಾಡಿದ್ದಾರೆ. ನಂಗೆ ಸಂಜೆದು ಬಿದ್ದಿದೆ. ಹೇಗೋ ಮಾಡ್ತೀನಿ. ಬೀದಿ ದೀಪ ಇರತ್ತಲ್ಲ."

"ನಿಂಗೆ ತಲೆ ನೆಟ್ಟಗಿದೆಯಾ?" 'ನೀವು' ಎಂಬುದು ಯಾವಾಗ ಉದುರಿಹೋಯಿತೋ ಅವಳಿಗೆ ತಿಳಿಯಲಿಲ್ಲ. "ನೀನೇ ಹೋಗಿ ಹೇಳು. ನಾಳೇನೇ ಹೇಳು. ಇಲ್ದಿದ್ರೆ ನಾನು ಹೇಳ್ತೀನಿ."

"ಹೇಳು ಹೋಗು." ಅವನ ದನಿ ತಣ್ಣಗಾಯಿತು. "ಹಲ್ಲು ಕೀಳೋದು ನಿಮಗೆ ಅಭ್ಯಾಸ ತಾನೇ."

"ಹಲ್ಲು ಕೀಳೋದು ಡಾಕ್ಟರು. ನಾನು ಕಟ್ಟೋಳು."

ದೂರದಲ್ಲಿ ಬಸ್ಸು ಬರುವ ಸದ್ದಾಯಿತು. ಅವನು ಸದ್ದಿನ ಕಡೆ ಪೂರ್ತಿ ಕತ್ತು ತಿರುಗಿಸಿದ. ಆ ತಿರುಗುವಿಕೆಯನ್ನೇ ಅವಳು ಪ್ರೀತಿ ಎಂದುಕೊಂಡಿದ್ದಳು.

"ಒಂದು ಮಾತು ಹೇಳು," ಎಂದಳು. ಕೇಳಬಾರದಿತ್ತು. ಇಂಥ ಹೊತ್ತಿನಲ್ಲಿ ಕೇಳುವ ಮಾತೇ ಅಲ್ಲ ಅದು. "ಒಂದು ಸಲಾನಾದ್ರೂ ಬೇಕಂತ ಬೀಳ್ಸಿದ್ಯಾ ನನ್ನ?"

ಅವನು ಬಸ್ಸಿನ ಮೆಟ್ಟಿಲು ತಡಕಿ ಹತ್ತಿ ಹೋದ.

ಆ ವಾರ ಲ್ಯಾಬಿನಲ್ಲಿ ಅವಳು ಒಂದು ಪೂರ್ತಿ ಸೆಟ್ ಹಾಳುಮಾಡಿದಳು. ಕೆಳದವಡೆಯ ಹಲ್ಲುಗಳನ್ನು ಎಡದವು ಬಲಕ್ಕೆ, ಬಲದವು ಎಡಕ್ಕೆ ಕೂರಿಸಿದ್ದಳು. ಲ್ಯಾಬಿನ ಯಜಮಾನರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಏನಮ್ಮ ಇದು? ಆ ಅಜ್ಜಿ ಇದನ್ನ ಹಾಕ್ಕೊಂಡ್ರೆ ಕನ್ನಡಿ ಒಳಗಿಂದ ನಕ್ಕ ಹಾಗಿರತ್ತೆ."

ಅವಳು ಮೇಣ ಕರಗಿಸಿ ಮತ್ತೆ ಮೊದಲಿನಿಂದ ಕೂತಳು. ಅತ್ತಿಗೆಗೆ ಹೇಳಿದರೆ ಅತ್ತಿಗೆ ಆ ಗಳಿಗೆಯಲ್ಲೇ ಡಿಪೋಗೆ ಫೋನ್ ಮಾಡುತ್ತಾಳೆ. ಅದೇ ಸರಿ. ಮಾಡಬೇಕಾದ್ದೂ ಅದೇ. ಆದರೆ ಬೇರೆಯವರು ಹೇಳಿ ಹೋದ ಕೆಲಸ ಬೇರೆ, ತಾನೇ ಹೇಳಿ ಬಿಟ್ಟ ಕೆಲಸ ಬೇರೆ. ಕಣ್ಣು ಹೋಗುತ್ತಿರುವವನಿಗೆ ಅಷ್ಟಾದರೂ ಉಳಿಯಲಿ ಎಂದು ಅವಳಿಗೆ ಆಸೆ. ಮೂರು ದಿನ ಅವನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ನಾಲ್ಕನೇ ದಿನ ಮಾಡಲಿಲ್ಲ. ಅಷ್ಟರಲ್ಲಿ ನಾಲ್ಕು ಬೆಳಗಿನ ಪಾಳಿ ಮುಗಿದಿತ್ತು. ಪ್ರತಿ ಬೆಳಿಗ್ಗೆ ಏಳೂವರೆಗೆ ಅವಳ ಕೈಯಲ್ಲಿದ್ದ ಟೀ ಆರುತ್ತಿತ್ತು. ಏನಾದರೂ ಆದರೆ ಅದರಲ್ಲಿ ತನ್ನ ಪಾಲೂ ಇದೆ ಎಂದು ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಪ್ರೀತಿ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಎನ್ನುವುದೆಲ್ಲ ಬೊಗಳೆ.

ಭಾನುವಾರ ಅವನು ಬರಲಿಲ್ಲ. ಹೊಸ ಟೇಪು ಹಚ್ಚಿದ ರಟ್ಟು ಟೀವಿಯ ಮುಂದೆ ನೆಟ್ಟಗೆ ನಿಂತಿತ್ತು.

"ಎಲ್ಲಿ ನಿನ್ನ ಜೋಡಿ?" ಎಂದಳು ಅತ್ತಿಗೆ.

"ನಾಳೆಯಿಂದ ಅವನಿಗೆ ಸಂಜೆ ಪಾಳಿ," ಎಂದ ಅಣ್ಣ. "ಇವತ್ತು ಮಲಗಿ ನಿದ್ದೆ ಹೊಡೀಲಿ ಬಿಡು. ಬಾ, ನಾನು ಆಡ್ತೀನಿ."

ಅವಳು ಅಣ್ಣನ ಪಕ್ಕ ಕೂತಳು. ಅಣ್ಣ ಪ್ರತಿಯೊಂದು ಬಾವಿಯನ್ನೂ ಕರಾರುವಾಕ್ಕಾಗಿ ಹೇಳಿದ. ಅವಳು ಒಂದು ಸಲವೂ ಬೀಳಲಿಲ್ಲ. ಅರ್ಧಕ್ಕೇ ಎದ್ದು ಹೋಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿರುವುದನ್ನು ಅತ್ತಿಗೆ ನೋಡಿದಳು.

ಮರುದಿನ ಸಂಜೆ ಆರೂಕಾಲಿಗೆ ಅವಳು ಬಸ್ ನಿಲ್ದಾಣದಲ್ಲಿದ್ದಳು. ಲ್ಯಾಬಿನಿಂದ ನೇರ ಬಂದಿದ್ದಳು. ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಹಾಗೇ ಇತ್ತು. ಅವನ ಬಸ್ಸು ಮೂರನೇ ಅಂಕಣದಲ್ಲಿ ನಿಂತಿತ್ತು. ಹತ್ತು ಹೆಜ್ಜೆ ಆಚೆಗೆ ಕಂಟ್ರೋಲರ್ ಕೋಣೆ. ನೇರ ಅಲ್ಲಿಗೆ ಹೋಗುವುದೆಂದು ಮನಸ್ಸು ಮಾಡಿಯೇ ಬಂದವಳು, ಅವನನ್ನು ಒಂದು ಸಲ ಕೇಳಿಬಿಡೋಣ ಎಂದು ಬಸ್ಸು ಹತ್ತಿದಳು.

ಕೆಲಸ ಮುಗಿಸಿ ಮನೆಗೆ ಹೊರಟ ಮೂವತ್ತು ಚಿಲ್ಲರೆ ಜನ. ತರಕಾರಿ ಚೀಲ, ಊಟದ ಡಬ್ಬಿ, ನಿದ್ದೆ ಹೋದ ಮಗು. ಅವಳು ಡ್ರೈವರ್ ಸೀಟಿನ ಹಿಂದೆ, ಪಕ್ಕಕ್ಕೆ, ಕಂಬ ಹಿಡಿದು ನಿಂತಳು. ಅವನು ಸ್ಟೀರಿಂಗ್ ಹಿಡಿದು ಎದುರಿಗೆ ನೋಡುತ್ತಿದ್ದ. ಎರಡು ಅಡಿ ದೂರದಲ್ಲಿದ್ದ ಅವಳು ಅವನ ಪಾಲಿಗೆ ಇರಲೇ ಇಲ್ಲ.

"ಎಲ್ಲಿಗಮ್ಮಾ?" ಎಂದ ಕಂಡಕ್ಟರ್.

"ಕೊನೇ ಸ್ಟಾಪ್."

ದನಿ ಕೇಳಿ ಅವನ ಕತ್ತು ತಿರುಗಿತು.

"ನೀನ್ಯಾಕೆ ಬಂದೆ?"

"ಬಸ್ಸಲ್ಲಿ ಹೋಗೋಕೆ."

"ನಿಮ್ಮ ಮನೆ ಈ ಕಡೆ ಅಲ್ಲ. ಇಳಿ."

"ಟಿಕೆಟ್ ತಗೊಂಡಿದೀನಿ."

"ಓಹೋ, ಡ್ರೈವರ್ ಸಾಹೇಬರ ಕಡೆಯವರಾ?" ಕಂಡಕ್ಟರ್ ಹಲ್ಲು ಕಿರಿದ. "ಮೊದಲೇ ಹೇಳ್ಬಾರ್ದಾ, ಸೀಟು ಬಿಡಿಸಿ ಕೊಡ್ತಿದ್ದೆ."

ಅವನು ಕಂಡಕ್ಟರನ ಕಡೆ ನೋಡಲೇ ಇಲ್ಲ. ದನಿ ತಗ್ಗಿಸಿದ. "ಹಲ್ಪುಡಿ, ದಮ್ಮಯ್ಯ ಅಂತೀನಿ, ಇಳಿ. ಹೊರಗೆ ಮಬ್ಬಾಗ್ತಾ ಇದೆ. ಇವತ್ತು ಮೊದಲನೇ ದಿನ. ನೀನು ಇದರಲ್ಲಿ ಬರಬೇಡ."

"ನನ್ನ ಇಳಿ ಅಂತೀಯಲ್ಲ, ಅವರನ್ನ ಯಾಕೆ ಅನ್ನಲ್ಲ?"

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವಳಿಗೆ ಅದು ಅವನ ಮುಖದಲ್ಲಿ ಕಂಡಿತು. ಅವನು ಪೂರ್ತಿ ತಿರುಗಿ ಬಸ್ಸಿನ ಒಳಗೆ ನೋಡಿದ. ಒಂದೇ ಸಲಕ್ಕೆ ಎಲ್ಲರೂ ಕಾಣುವುದಿಲ್ಲವಲ್ಲ. ಒಬ್ಬೊಬ್ಬರನ್ನೇ ನೋಡಿದ. ತರಕಾರಿ ಚೀಲದ ಹೆಂಗಸನ್ನು, ಕಿಟಕಿಗೆ ತಲೆಯಿಟ್ಟು ತೂಕಡಿಸುತ್ತಿದ್ದ ಮುದುಕನನ್ನು, ಮಗುವನ್ನು, ಮಗು ಹೊತ್ತವಳನ್ನು.

"ಏನ್ರೀ ಡ್ರೈವರ್, ಇವತ್ತು ಹೊರಡೋದಾ, ನಾಳೆಗಾ?" ಹಿಂದಿನಿಂದ ಯಾರೋ ಕೂಗಿದರು.

"ಮಾತುಕತೆ ಆಮೇಲೆ ಇಟ್ಕೊಳ್ಳಪ್ಪ," ಎಂದರು ಇನ್ನೊಬ್ಬರು. ಕೆಲವರು ನಕ್ಕರು.

ಅವನು ಇಂಜಿನ್ ಆರಿಸಿದ. ಬಸ್ಸಿನ ನಡುಕ ನಿಂತಿತು. ಕೀಲಿ ಕಿತ್ತುಕೊಂಡು, ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡು, ಇಳಿದ. ಅವಳೂ ಹಿಂದೆಯೇ ಇಳಿದಳು.

ಕಂಟ್ರೋಲರ್ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು, ಎರಡು ಮೇಜು, ಗೋಡೆಯ ತುಂಬ ಪಾಳಿಯ ಪಟ್ಟಿ. ಕಂಟ್ರೋಲರ್ ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ತನ್ನ ಕಣ್ಣಿನ ಬಗ್ಗೆ ಅವನು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡು, ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೀಲಿ ತೆಗೆದುಕೊಂಡು ಬೇರೆ ಡ್ರೈವರ್ ಹುಡುಕಲು ಹೋದರು. "ಇಲ್ಲೇ ಕೂತಿರಿ. ಫಾರಂ ತುಂಬಬೇಕು," ಎಂದಷ್ಟೇ ಹೇಳಿದರು.

ಗೋಡೆಗೆ ತಾಗಿದ ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

"ಒಂಬತ್ತು ವರ್ಷ ಏಳು ತಿಂಗಳು," ಎಂದ ಅವನು.

ಅವಳು ಉಗುರಿನ ಸಂದಿಯ ಪ್ಲಾಸ್ಟರ್ ಕೆರೆದಳು.

"ನಿನ್ನ ಮೇಲೆ ಸಿಟ್ಟು ಬಂದಿದೆ. ಸುಮ್ನೆ ಹೇಳ್ತಿಲ್ಲ. ನಿಜವಾಗ್ಲೂ ಬಂದಿದೆ."

"ಬರ್ಲಿ."

"ಬೇಗ ಇಳಿಯಲ್ಲ ಇದು."

"ನಂಗೇನೂ ಅರ್ಜೆಂಟಿಲ್ಲ."

ಹೊರಗೆ ಯಾವುದೋ ಬಸ್ಸು ಹಿಂದಕ್ಕೆ ಸರಿಯುತ್ತ ಒಂದೇ ಸಮ ಸೀಟಿ ಹೊಡೆಯಿತು. ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಅಳುತ್ತಿದ್ದನೋ ಏನೋ, ಅವಳು ನೋಡಲಿಲ್ಲ.

"ಅವತ್ತು ಕೇಳಿದ್ಯಲ್ಲ, ಬೇಕಂತ ಬೀಳ್ಸಿದ್ಯಾ ಅಂತ."

"ಹೂಂ."

"ಏಳನೇ ಸುರಂಗದಲ್ಲಿ. ಅಲ್ಲಿ ಬಾವಿ ನಟ್ಟನಡುವೆನೇ ಇತ್ತು. ದೊಡ್ಡದಾಗಿ, ಚೆನ್ನಾಗಿ ಕಾಣ್ತಿತ್ತು." ಅವನು ನೆಲ ನೋಡಿದ. "ಅದೊಂದೇ. ಮಿಕ್ಕಿದ್ದೆಲ್ಲ ಈ ಹಾಳು ಕಣ್ಣು. ನೀನು ಬೈಯೋದು ಕೇಳಿ, ಇವಳು ಬೇರೆ ಏನೋ ಅಂದ್ಕೊಂಡಿದಾಳೆ ಅಂತ ಗೊತ್ತಾಯ್ತು. ಅಂದ್ಕೊಳ್ಳಲಿ ಬಿಡು ಅನ್ನಿಸ್ತು. ಕುರುಡ ಅನ್ನಿಸ್ಕೊಳ್ಳೋದಕ್ಕಿಂತ ಪೋಲಿ ಅನ್ನಿಸ್ಕೊಳ್ಳೋದು ವಾಸಿ."

ಅವಳಿಗೆ ನಗು ಬಂತು. ಎಂಟು ಭಾನುವಾರ, ಮೂವತ್ತೋ ನಲವತ್ತೋ ಬಾವಿ. ಅದರಲ್ಲಿ ತನ್ನದು ಒಂದು. ಅಷ್ಟು ಸಾಕೇ ಎಂದು ಕೇಳಿಕೊಂಡಳು. ಸಾಕೆಂದೂ ಅನ್ನಿಸಲಿಲ್ಲ, ಸಾಲದೆಂದೂ ಅನ್ನಿಸಲಿಲ್ಲ.

"ಐದಾರು ವರ್ಷಕ್ಕೆ ಮಧ್ಯದ್ದೂ ಹೋಗತ್ತೆ," ಎಂದ. "ನಿನ್ನ ಮುಖಾನೂ. ಅದಕ್ಕೇ ಏನೂ ಹೇಳ್ಲಿಲ್ಲ. ಹೇಳೋ ಯೋಚನೆನೂ ಇರ್ಲಿಲ್ಲ."

"ಈಗ?"

"ಈಗ್ಲೂ ಇಲ್ಲ. ಸುಮ್ನೆ ಬಾಯಿಗೆ ಬಂತು."

ಕಂಟ್ರೋಲರ್ ವಾಪಸು ಬಂದು ಎದುರು ಕೂತು ಕನ್ನಡಕ ಏರಿಸಿದರು. ಉದ್ದದ ಫಾರಂ ಒಂದನ್ನು ಹಾಸಿಕೊಂಡು ಬರೆಯತೊಡಗಿದರು. ಬಿಲ್ಲೆ ನಂಬರು, ಸೇರಿದ ದಿನ, ತೊಂದರೆ ಏನು, ಎಂದಿನಿಂದ. ಅವನು ಒಂದೊಂದನ್ನೇ ಹೇಳಿದ. 'ಎಂದಿನಿಂದ' ಎಂಬಲ್ಲಿ ನಿಜವನ್ನೇ ಹೇಳಿದ. ಕಂಟ್ರೋಲರ್ ಪೆನ್ನು ನಿಲ್ಲಿಸಿ ಅವನನ್ನು ದಿಟ್ಟಿಸಿದರು. ಮತ್ತೆ ಬರೆದರು.

"ನಾಳೆ ಹತ್ತು ಗಂಟೆಗೆ ಕಣ್ಣಿನ ಆಸ್ಪತ್ರೆ. ಔಷಧಿ ಬಿಟ್ಟು ನೋಡ್ತಾರೆ, ಒಬ್ಬನೇ ಹೋಗಂಗಿಲ್ಲ. ಜೊತೆಗೆ ಬರೋರು ಯಾರು? ಮನೇಲಿ ಯಾರಿದ್ದಾರೆ?"

"ಅಕ್ಕ ದೂರದ ಊರಲ್ಲಿದ್ದಾಳೆ. ಇಲ್ಲಿ ಯಾರೂ ಇಲ್ಲ."

"ನಾನು ಹೋಗ್ತೀನಿ," ಎಂದಳು.

"ಸಂಬಂಧ?"

ಅವಳು ಅವನ ಕಡೆ ನೋಡಿದಳು.

"ಸಂಬಂಧ ಏನಮ್ಮ?"

"ಜಗಳ ಆಡಿದೋಳು ಅಂತ ಬರ್ಕೊಳ್ಳಿ ಸಾರ್."

ಕಂಟ್ರೋಲರ್ ನಗಲಿಲ್ಲ. "ಅಂಥದ್ದಿಲ್ಲ ಇದರಲ್ಲಿ. ತಾಯಿ, ಹೆಂಡತಿ, ಒಡಹುಟ್ಟಿದವರು, ಇತರೆ."

"ಹಾಗಾದ್ರೆ ಇತರೆ."

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಅವನು ಕೈ ಅಡ್ಡ ಇಟ್ಟ. "ಇತರೆ ಬೇಡ ಸಾರ್."

"ಮತ್ತೆ?"

"ಖಾಲಿ ಬಿಡಿ. ನಾಳೆ ರಿಪೋರ್ಟ್ ಬರತ್ತೆ. ಅವಳು ಅದನ್ನ ಪೂರ್ತಿ ಓದ್ಲಿ. ಡಾಕ್ಟರ್ ಹತ್ರ ಒಬ್ಬಳೇ ಕೂತು ಎಲ್ಲ ಕೇಳ್ಲಿ. ಆಮೇಲೂ ಬರೀಬೇಕು ಅನ್ಸಿದ್ರೆ ಬರೀಲಿ. ಅನ್ಸಿಲ್ಲ ಅಂದ್ರೆ…" ಅವನು ಅಡ್ಡ ಇಟ್ಟ ಕೈ ತೆಗೆದ. "ಅನ್ಸಿಲ್ಲ ಅಂದ್ರೆ ನಾನು ಬೇಜಾರು ಮಾಡ್ಕೊಳ್ಳಲ್ಲ."

"ಖಾಲಿ ಬಿಟ್ರೆ ಗುಮಾಸ್ತ ವಾಪಸ್ ಕಳಿಸ್ತಾನಪ್ಪ," ಎಂದರು ಕಂಟ್ರೋಲರ್.

ಅವಳು ಕೈ ಚಾಚಿದಳು. ಕಂಟ್ರೋಲರ್ ಒಂದು ಗಳಿಗೆ ಯೋಚಿಸಿ ಪೆನ್ನು ಕೊಟ್ಟರು. ಅವಳು ಬರೆದಳು, ಅವಸರವಿಲ್ಲದೆ. ಬರೆದು ಫಾರಮನ್ನು ಅವನ ಮುಂದಕ್ಕೆ ಸರಿಸಿದಳು.

ಅವನು ಬಗ್ಗಿದ. ಆ ಸಾಲು ಎಲ್ಲಿದೆ ಎಂದು ಕಾಗದದ ಮೇಲೆ ಕಣ್ಣಿನಿಂದ ಹುಡುಕಿದ. ಸಿಕ್ಕಿದ ಮೇಲೆ ಕಣ್ಣು ಅಲ್ಲೇ ನಿಂತಿತು. ಮೂರೇ ಅಕ್ಷರದ ಪದ ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

"ಇದು ಸುಳ್ಳು ಮಾಹಿತಿ ಆಗತ್ತೆ," ಎಂದ ಕೊನೆಗೆ.

"ಇವತ್ತಿಗೆ ಸುಳ್ಳು."

"ಹಲ್ಪುಡಿ, ನಾಳೆ ಹತ್ತು ಗಂಟೆ ಆದ್ಮೇಲೆ…"

"ಒಂಬತ್ತೂವರೆಗೆ ನಿಮ್ಮ ಮನೆ ಹತ್ರ ಬರ್ತೀನಿ. ಸ್ನಾನ ಮಾಡ್ಕೊಂಡು ರೆಡಿಯಾಗಿರು."

ಕಂಟ್ರೋಲರ್ ಫಾರಂ ಎಳೆದುಕೊಂಡು, ಅವಳು ಬರೆದದ್ದನ್ನು ಓದಿ, ಕೆಳಗೆ ಮೊಹರು ಒತ್ತಿದರು. ಹೊರಗೆ ಮೂರನೇ ಅಂಕಣದ ಬಸ್ಸು ಬೇರೆ ಯಾರದೋ ಕೈಯಲ್ಲಿ, ಮೂವತ್ತೈದು ನಿಮಿಷ ತಡವಾಗಿ, ಬೈಗುಳ ಹೊತ್ತುಕೊಂಡು ಹೊರಟಿತು. ಅವನು ಸದ್ದಿನ ಕಡೆಗೆ ತಿರುಗಿ, ಅದು ಗೇಟು ದಾಟುವವರೆಗೂ ಕೇಳಿಸಿಕೊಂಡ. ಬೆಂಚಿನ ಮೇಲೆ ಬಿಟ್ಟಿದ್ದ ಜಾಗಕ್ಕೆ ಅವಳು ಸರಿದು ಕೂತಳು.